ಹತ್ತು ರೂಪಾಯಿಗೆ ನೋಡಲು ಸಿಕ್ಕ ನಕ್ಷೆ: ಮಾಹಿತಿ ಹಕ್ಕು ಅರ್ಜಿ ಬಳಸಿದ ಅನುಭವ

ನಮ್ಮೂರ ಹಳೇ ಮಾರ್ಕೆಟ್ಟಿನಲ್ಲಿ ನನ್ನದು ಬಳೆ ಅಂಗಡಿ. ಮಾವನವರು ಶುರು ಮಾಡಿದ್ದು. ಹೋದ ವರ್ಷ ದೀಪಾವಳಿ ಕಳೆಯುತ್ತಿದ್ದ ಹಾಗೆ, "ಮಾರ್ಕೆಟ್ ಒಡೀತಾರಂತೆ, ಕಾಂಪ್ಲೆಕ್ಸ್ ಕಟ್ತಾರಂತೆ" ಅಂತ ಮಾತು ಹಬ್ಬಿತು. ಎಷ್ಟು ಮಳಿಗೆ? ಬಾಡಿಗೆ ಎಷ್ಟು? ಕಟ್ಟಿ ಮುಗಿಯುವ ತನಕ ನಾವು ಎಲ್ಲಿ ಕೂರಬೇಕು? ಯಾರಿಗೂ ಗೊತ್ತಿಲ್ಲ. ಕಚೇರಿಗೆ ಹೋಗಿ ಕೇಳಿದರೆ, "ಇನ್ನೂ ಏನೂ ಫೈನಲ್ ಆಗಿಲ್ಲಮ್ಮ, ಆದಾಗ ಹೇಳ್ತೀವಿ" ಅಂದರು. ನಾಲ್ಕು ಸಲ ಹೋದೆ. ನಾಲ್ಕು ಸಲವೂ ಅದೇ ಉತ್ತರ. ಕೊನೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮಿಕ್ಸಿ ತಗೊಂಡರೆ ಹೇಗಿದೆ ಅಂತ ನಾಲ್ಕು ಜನಕ್ಕೆ ಹೇಳುತ್ತೇವೆ. ಇದನ್ನು ಹೇಳದೆ ಹೇಗಿರಲಿ?

ಶುಲ್ಕ 10 ರೂಪಾಯಿ. ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ತಗೊಂಡು ಅರ್ಜಿಗೆ ಲಗತ್ತಿಸಿದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಬೇಡ. ಕನ್ನಡದಲ್ಲೇ ಬರೆಯಬಹುದು. ಮಾಹಿತಿ ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ. ಆದರೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ ಸುಮಾರು 150 ಪದದೊಳಗೆ ಇರಬೇಕು. ನಾನು ಎರಡು ಪುಟ ಬರೆದಿದ್ದೆ. ಮಗಳು ಕೂತು ಅರ್ಧ ಪುಟಕ್ಕೆ ಇಳಿಸಿದಳು.

ಮೊದಲ ಅರ್ಜಿಯಲ್ಲಿ ನನ್ನದೇ ತಪ್ಪಾಯಿತು. "ನಮ್ಮನ್ನು ಯಾಕೆ ಕೇಳಲಿಲ್ಲ?" ಅಂತ ಬರೆದಿದ್ದೆ. ಇದು ಪ್ರಶ್ನೆ, ದಾಖಲೆಯಲ್ಲಿರುವ ಮಾಹಿತಿಯಲ್ಲ ಅಂತ ಹಿಂಬರಹ ಬಂತು. ಹಾಗಾಗಿ ಅರ್ಜಿ ಹಾಕುವವರಿಗೆ ನನ್ನ ಮೊದಲ ಕಿವಿಮಾತು: ಯಾಕೆ, ಹೇಗೆ ಅಂತ ಕೇಳಬೇಡಿ, ಕಾಗದದ ಹೆಸರು ಹಿಡಿದು ಕೇಳಿ. ಎರಡನೇ ಸಲ ನಾನು ಕಟ್ಟಡದ ನಕ್ಷೆ, ಯೋಜನಾ ವರದಿ, ಸಭೆಯ ನಡವಳಿ, ಆಕ್ಷೇಪಣೆ ಕರೆದ ಪ್ರಕಟಣೆಯ ಪ್ರತಿ, ಇಷ್ಟು ಬರೆದೆ. ಕೊನೆಯಲ್ಲಿ "ಕಡತವನ್ನು ಪರಿಶೀಲಿಸಲು ಅವಕಾಶ ಕೊಡಿ" ಅಂತ ಸೇರಿಸಿದೆ. ಈ ಕೊನೆಯ ಸಾಲೇ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು.

30 ದಿನದಲ್ಲಿ ಉತ್ತರ ಕೊಡಬೇಕು. ನನಗೆ ಬಂದಿದ್ದು 41ನೇ ದಿನ, ಅದರಲ್ಲೂ ಪುಟಕ್ಕೆ 2 ರೂಪಾಯಿ ಕಟ್ಟಿ ಅಂತ ಬರೆದಿದ್ದರು. ಗಡುವು ಮೀರಿದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಅದನ್ನು ತೋರಿಸಿದ ಮೇಲೆ ದುಡ್ಡು ಕೇಳಲಿಲ್ಲ.

ಕಡತ ನೋಡಲು ಹೋದ ದಿನ ಅಂಗಡಿಗೆ ಬೀಗ ಹಾಕಿಕೊಂಡು ಹೋಗಿದ್ದೆ. ಕೇಸ್ ವರ್ಕರ್ ಫೈಲು ತಂದು ಮೇಜಿನ ಮೇಲಿಟ್ಟರು. ನಕ್ಷೆಯನ್ನು ಎಂಟು ಮಡಿಕೆ ಮಾಡಿ ಒಳಗೆ ಸೇರಿಸಿದ್ದರು. ಬಿಡಿಸಿದರೆ ಮೇಜು ಸಾಲಲಿಲ್ಲ. ಒಂದು ತುದಿಗೆ ಅವರ ನೀರಿನ ಬಾಟಲಿ ಇಟ್ಟೆ, ಇನ್ನೊಂದು ತುದಿಗೆ ನನ್ನ ಪರ್ಸು. ನಮ್ಮ ಬಳೆ ಸಾಲು ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿದೆ. ಸಿಗಲಿಲ್ಲ. ಕೆಳಗಿನ ಅಂತಸ್ತಿನ ತುಂಬಾ ಕಾರಿನ ಚಿತ್ರಗಳು. ತರಕಾರಿ, ಹೂವು, ಸೊಪ್ಪು ಎಲ್ಲಾ ಮೊದಲನೇ ಮಹಡಿಗೆ. ಮೂಲೆಯಲ್ಲಿ ಒತ್ತೊತ್ತಾಗಿ ಎಳೆದ ಸಣ್ಣ ಗೆರೆಗಳು. ಅದೇನು ಅಂತ ಕೇಳಿದೆ. "ಅದು ಮೆಟ್ಟಿಲು ಮೇಡಂ" ಅಂದರು. ನಾನು ಎಣಿಸಿದೆ, 26 ಮೆಟ್ಟಿಲು. ತಲೆ ಮೇಲೆ ಸೊಪ್ಪಿನ ಗಂಟು ಹೊತ್ತು ಬೆಳಗಿನ ಜಾವ ಬರುವ ನಮ್ಮ ಅಕ್ಕ ಕಣ್ಣ ಮುಂದೆ ಬಂದರು. ಎರಡು ಕಟ್ಟು ಕೊತ್ತಂಬರಿಗೆ ಯಾವ ಗಿರಾಕಿ ಮಹಡಿ ಹತ್ತಿ ಬರುತ್ತಾರೆ?

ಈಗ ಇರುವುದು 64 ಮಳಿಗೆ. ನಕ್ಷೆಯಲ್ಲಿ 48. ನಡವಳಿಯಲ್ಲಿ "ವ್ಯಾಪಾರಿಗಳೊಂದಿಗೆ ಸಮಾಲೋಚಿಸಲಾಗಿದೆ" ಅಂತ ಒಂದು ಸಾಲು, ಹಿಂದೆ 11 ಸಹಿಗಳ ಹಾಳೆ. ಒಂದೊಂದೇ ಹೆಸರು ಓದಿದೆ. ಒಬ್ಬರೂ ನಮ್ಮ ಮಾರ್ಕೆಟ್ಟಿನವರಲ್ಲ. ಆ ಹಾಳೆ ಕೈಯಲ್ಲಿ ಹಿಡಿದಾಗ ಆದ ಸಂಕಟ ಈಗಲೂ ಮರೆತಿಲ್ಲ. ದೃಢೀಕರಿಸಿದ ಪ್ರತಿ ತಗೊಂಡೇ ಬಂದೆ.

ಆಮೇಲೆ ಆದ ಬದಲಾವಣೆ ದೊಡ್ಡದು. ಅಲ್ಲಿಯ ತನಕ ನಾವು "ಮಾರ್ಕೆಟ್ ಒಡೀಬೇಡಿ" ಅಂತ ಮಾತ್ರ ಹೇಳುತ್ತಿದ್ದೆವು. ನಕ್ಷೆ ಕೈಗೆ ಬಂದ ಮೇಲೆ "ಪಾರ್ಕಿಂಗ್ ಹಿಂದಕ್ಕೆ ಹಾಕಿ, ಸೊಪ್ಪು ತರಕಾರಿ ಕೆಳಗಿರಲಿ, 64 ಮಳಿಗೆಗೂ ಜಾಗ ತೋರಿಸಿ" ಅಂತ ಕೇಳಿದೆವು. ನಮ್ಮ ಮಾಡೂ ಸೋರುತ್ತದೆ, ಹೊಸ ಕಟ್ಟಡ ಬೇಕೇ ಬೇಕು. ನಕ್ಷೆಯ ಪ್ರತಿಯನ್ನು ಹೂವಿನ ಸಾಲಿನ ಗೋಡೆಗೆ ಅಂಟಿಸಿದೆವು. ಮೂರೇ ದಿನಕ್ಕೆ ಅದರ ಮೇಲೆಲ್ಲಾ ಪೆನ್ನಿನ ಗುರುತು! ತೂಕದ ಕಟ್ಟೆ ಎಲ್ಲಿ, ಹೆಂಗಸರ ಶೌಚಾಲಯ ಎಲ್ಲಿ, ಮಳೆ ನೀರು ಹೋಗುವುದು ಎಲ್ಲಿಗೆ ಅಂತ. ಕಚೇರಿಯವರು ಕಡೆಗೂ ಮಾರ್ಕೆಟ್ಟಿಗೇ ಬಂದು ಸಭೆ ಮಾಡಿದರು. ನಕ್ಷೆ ತಿದ್ದುತ್ತೇವೆ ಅಂದಿದ್ದಾರೆ. ತಿದ್ದಿದ ನಕ್ಷೆ ಇನ್ನೂ ಬಂದಿಲ್ಲ.

ಕೊರತೆಯನ್ನೂ ಹೇಳಬೇಕು. 2005ರ ಈ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ, ಜನರಿಗೆ ತಟ್ಟುವ ತೀರ್ಮಾನ ಪ್ರಕಟಿಸುವಾಗ ಅದರ ವಿವರವನ್ನೆಲ್ಲ ಕಚೇರಿಯೇ ಮುಂದಿಡಬೇಕು, ತೊಂದರೆಗೆ ಒಳಗಾಗುವವರಿಗೆ ಕಾರಣ ತಿಳಿಸಬೇಕು ಅಂತ ಇದೆ. ಅಂದರೆ ನಾನು ಅರ್ಜಿ ಹಾಕುವ ಅಗತ್ಯವೇ ಬೀಳಬಾರದಿತ್ತು. ಉತ್ತರ ಸಿಗದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ದಾರಿ ಇದೆ, ಆದರೆ ಉದ್ದ. ಜೆಸಿಬಿ ಅಷ್ಟು ದಿನ ಕಾಯುವುದಿಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಉಕ್ಕಿನ ಮೇಲ್ಸೇತುವೆಗೆ 812 ಮರ ಹೋಗುತ್ತವೆ ಅಂತ ಗೊತ್ತಾದಾಗ ಸಾವಿರಾರು ಜನ ರಸ್ತೆಗಿಳಿದು ಮಾನವ ಸರಪಳಿ ಮಾಡಿದರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ನಮ್ಮಂಥ ಊರಿಗೆ ಟಿವಿಯವರು ಬರುವುದಿಲ್ಲ. ನಮಗಿರುವುದು ಈ ಅರ್ಜಿಯೇ. ಅದಕ್ಕೇ ಮಾತು ಕಿವಿಗೆ ಬಿದ್ದ ವಾರವೇ ಹಾಕಿ. ನಾನು ನಾಲ್ಕು ಸಲ ಸುಮ್ನೆ ಅಲೆದು ಎರಡು ತಿಂಗಳು ಕಳೆದುಕೊಂಡೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಮೊನ್ನೆ ಸೊಪ್ಪಿನ ಅಕ್ಕ ಅಂಗಡಿಗೆ ಬಂದಿದ್ದರು. ಅವರು ಕೂರುವುದು ಮಾರ್ಕೆಟ್ಟಿನ ಹೊರಗೆ, ಗೋಣಿಚೀಲದ ಮೇಲೆ. 64ರ ಲೆಕ್ಕದಲ್ಲೂ ಅವರಿಲ್ಲ. ಬೀದಿ ವ್ಯಾಪಾರಿಗಳಿಗೆ 2014ರ ಬೇರೆ ಕಾಯ್ದೆ ಇದೆ. ಊರಿನ ವ್ಯಾಪಾರ ಸಮಿತಿಯಲ್ಲಿ ಕಡಿಮೆ ಅಂದರೂ ಶೇ. 40ರಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು, 30 ದಿನದ ನೋಟಿಸ್ ಕೊಡದೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. "ನಮ್ಮೂರಲ್ಲಿ ಆ ಸಮಿತಿ ಇದ್ಯಾ?" ಅಂತ ಕೇಳಿದರು. ಅವರಿಗೆ ಬರೆಯಲು ಬರುವುದಿಲ್ಲ. ಹಾಗಿದ್ದವರ ಅರ್ಜಿ ಬರೆಯಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಅಂತ ಕಾಯ್ದೆ ಹೇಳುತ್ತದೆ. ಆದರೂ ಅವರು, "ನೀನೇ ಬರಿ ತಾಯಿ" ಅಂದರು. ಸಮಿತಿ ರಚನೆಯ ಆದೇಶ, ಸದಸ್ಯರ ಪಟ್ಟಿ, ಹೋದ ಮೂರು ಸಭೆಗಳ ನಡವಳಿ, ಮೂರೇ ಸಾಲು ಬರೆದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರು. ಸೋಮವಾರ ಇಬ್ಬರೂ ಹೋಗಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆವು.