ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು, ದನಿ ಮಾತ್ರ ದಾಖಲಾಗಲಿಲ್ಲ: ಆನ್‌ಲೈನ್ ಸಭೆ ರೆಕಾರ್ಡ್ ಮಾಡುವವರ ಗಮನಕ್ಕೆ

ಕಂಪ್ಯೂಟರಿನಲ್ಲಿ ವಿಡಿಯೊ ಸಭೆ ರೆಕಾರ್ಡ್ ಮಾಡಲು ತಂತ್ರಾಂಶ ಹುಡುಕುತ್ತಿರುವವರು ದಯವಿಟ್ಟು ಇದನ್ನು ಮೊದಲು ಓದಿ. ನಾನು 4,715 ರೂಪಾಯಿ ಕಳೆದುಕೊಂಡಿದ್ದೇನೆ. ಹಣ ಹೋದರೆ ಹೋಗಲಿ, ಮತ್ತೆ ಸಿಗದ ಎರಡು ಗಂಟೆಯ ಗಮಕ ವಾಚನವೂ ಅದರ ಜೊತೆ ಹೋಯಿತು. ನನ್ನ ದೂರು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಆ ತಂತ್ರಾಂಶದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರಿಗೆ ಈಗ 83 ವರ್ಷ. ತೀರ್ಥಹಳ್ಳಿಯ ಹತ್ತಿರ ಮಗನ ಮನೆಯಲ್ಲಿದ್ದಾರೆ. ಬೆಂಗಳೂರು, ಶಿವಮೊಗ್ಗ, ನ್ಯೂಜೆರ್ಸಿ ಎಂದು ಚದುರಿಹೋಗಿರುವ ಹಳೆಯ ವಿದ್ಯಾರ್ಥಿಗಳು 14 ಜನ ಸೇರಿ, ಒಂದು ಭಾನುವಾರ ಸಂಜೆ ಅವರಿಂದ ಭಾಮಿನಿ ಷಟ್ಪದಿಯ ವಾಚನ ಕೇಳುವುದೆಂದು ತೀರ್ಮಾನಿಸಿದೆವು. ರೆಕಾರ್ಡ್ ಮಾಡಲು ಅವರ ಒಪ್ಪಿಗೆ ಕೇಳಿದಾಗ, "ಮಾಡಿಕೋಮ್ಮ, ಇನ್ನೊಮ್ಮೆ ಇಷ್ಟು ಹೊತ್ತು ಓದುವುದಕ್ಕೆ ಉಸಿರು ಸಾಲುವುದಿಲ್ಲ" ಎಂದರು. ಆ ಹೊಣೆ ನನ್ನದು ಎಂದು ಗುಂಪಿನಲ್ಲಿ ನಾನೇ ಬರೆದೆ. ನಾನೇ ಬರೆದದ್ದು, ಯಾರೂ ಹೇರಿದ್ದಲ್ಲ.

ಮೇಷ್ಟ್ರ ಮೊಮ್ಮಗನಿಗೆ ಗೂಗಲ್ ಮೀಟ್ ರೂಢಿಯಾಗಿದ್ದರಿಂದ ಅದರಲ್ಲೇ ಸಭೆ ಏರ್ಪಾಡಾಯಿತು. ನಮ್ಮ ನಿಮ್ಮಂಥವರ ಸಾಮಾನ್ಯ ಜಿಮೇಲ್ ಖಾತೆಯ ಉಚಿತ ಮೀಟ್‌ನಲ್ಲಿ ಮೂರು ಜನ ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ 60 ನಿಮಿಷಕ್ಕೆ ಕರೆ ಮುಗಿಯುತ್ತದೆ, ರೆಕಾರ್ಡ್ ಗುಂಡಿಯಂತೂ ಇರುವುದೇ ಇಲ್ಲ. ಹಾಗಾಗಿ ಒಂದೊಂದು ಗಂಟೆಯ ಎರಡು ಲಿಂಕ್ ಮಾಡಿಕೊಂಡೆ, ರೆಕಾರ್ಡಿಂಗ್‌ಗಾಗಿ ಹೊರಗಿನ ತಂತ್ರಾಂಶವೊಂದನ್ನು ಹುಡುಕಿದೆ. ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದನ್ನೇ ಇಳಿಸಿಕೊಂಡೆ. ಅದರ ತಲೆಯ ಮೇಲೆ 'ಪ್ರಾಯೋಜಿತ' ಎಂದು ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಆಮೇಲೆ ನೋಡಿದೆ. "ಏಳು ದಿನ ಉಚಿತ, ಸಮಯದ ಮಿತಿಯಿಲ್ಲ, ಪೂರ್ಣ ಗುಣಮಟ್ಟ" ಎಂಬುದು ಮಾತ್ರ ದೊಡ್ಡ ಅಕ್ಷರದಲ್ಲಿತ್ತು.

ನಾನು ಪರೀಕ್ಷೆ ಮಾಡದೆ ಕುಳಿತವಳಲ್ಲ. ಹಿಂದಿನ ದಿನ ಒಬ್ಬಳೇ ಮೀಟ್ ತೆರೆದು, ಎರಡು ನಿಮಿಷ ಏನೋ ಮಾತನಾಡಿ, ರೆಕಾರ್ಡ್ ಮಾಡಿ ಕೇಳಿದ್ದೆ. ನನ್ನ ದನಿ ಸ್ಪಷ್ಟವಾಗಿತ್ತು. ನಾನು ಎಡವಿದ್ದು ಅಲ್ಲಿಯೇ. ಒಬ್ಬರೇ ಕುಳಿತು ಮಾಡುವ ಪರೀಕ್ಷೆಯಲ್ಲಿ ಕೇಳುವುದು ನಮ್ಮ ಮೈಕಿನ ದನಿ ಮಾತ್ರ. ಎದುರಿನವರ ದನಿ ಬರುವುದು ಕಂಪ್ಯೂಟರಿನೊಳಗಿನಿಂದ, ಅದನ್ನು ಬೇರೆಯಾಗಿಯೇ ದಾಖಲಿಸಬೇಕು. ಈ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಆ ಒಳಗಿನ ಶಬ್ದದ ದಾಖಲಾತಿ ಮುಚ್ಚಿತ್ತು. ಮೂಲೆಯಲ್ಲಿ ಕಡಲೆಕಾಳಿನಷ್ಟು ಸಣ್ಣ ಸ್ಪೀಕರಿನ ಚಿತ್ರ, ಅದರ ಮೇಲೊಂದು ಅಡ್ಡಗೆರೆ. ನಮಗೆ ತಿಳಿಸಿದ್ದು ಅಷ್ಟೇ.

ಭಾನುವಾರ ಮೇಷ್ಟ್ರು ಅದ್ಭುತವಾಗಿ ಓದಿದರು. ಕೆಂಪು ಚುಕ್ಕೆ ಮಿನುಗುತ್ತಿತ್ತು, ಗಡಿಯಾರ ಓಡುತ್ತಿತ್ತು, ಹಸಿರು ಪಟ್ಟಿಯೊಂದು ಆಗಾಗ ಕುಣಿಯುತ್ತಿತ್ತು. ಅದು ಕುಣಿಯುತ್ತಿದ್ದದ್ದು ನನ್ನ ಮನೆಯ ಸದ್ದಿಗೆ ಎಂದು ನನಗೆ ಹೇಗೆ ಹೊಳೆಯಬೇಕು? ಪ್ರತಿಧ್ವನಿ ಬರದಿರಲಿ ಎಂದು ಇಯರ್‌ಫೋನ್ ಹಾಕಿಕೊಂಡಿದ್ದೆ. ಹಾಕಿಕೊಳ್ಳದಿದ್ದರೆ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಹೊರಟ ದನಿ ಮೈಕಿಗಾದರೂ ಬಿದ್ದು, ಕೆಟ್ಟದಾಗಿಯಾದರೂ ಉಳಿಯುತ್ತಿತ್ತು.

ರಾತ್ರಿ ಊಟವಾದ ಮೇಲೆ ಫೈಲ್ ತೆರೆದೆ. ಮೇಷ್ಟ್ರ ತುಟಿ ಅಲ್ಲಾಡುತ್ತಿದೆ, ಕೈ ಮೇಲೇಳುತ್ತಿದೆ, ದನಿಯಿಲ್ಲ. ಅವರ ಮುಖದ ಮೇಲೆ ಅಡ್ಡಲಾಗಿ ತಂತ್ರಾಂಶದ ಹೆಸರು. ಕೇಳುತ್ತಿರುವುದು ನಮ್ಮ ಫ್ಯಾನಿನ ಗರಗರ, ನಡುನಡುವೆ ನನ್ನದೇ "ಆಹಾ", 41ನೆಯ ನಿಮಿಷದಲ್ಲಿ ಅಡುಗೆಮನೆಯ ಕುಕ್ಕರಿನ ಮೂರು ಕೂಗು. ಎರಡನೆಯ ಫೈಲೂ ಹಾಗೆಯೇ. ಅಷ್ಟರಲ್ಲಿ ಗುಂಪಿನಲ್ಲಿ "ರೆಕಾರ್ಡಿಂಗ್ ಯಾವಾಗ ಕಳಿಸುತ್ತೀರಿ ಅಕ್ಕ?" ಎಂದು ಮೂವರು ಕೇಳಿಯಾಗಿತ್ತು.

ಗಾಬರಿಯಲ್ಲಿ ತಂತ್ರಾಂಶದವರ ಚಾಟ್ ತೆರೆದೆ. ಸಂಭಾಷಣೆ ಇಂಗ್ಲಿಷಿನಲ್ಲಿ ನಡೆಯಿತು, ಚಿತ್ರ ತೆಗೆದಿಟ್ಟುಕೊಂಡಿದ್ದೇನೆ, ಸಾರವನ್ನು ಕನ್ನಡದಲ್ಲಿ ಕೊಡುತ್ತೇನೆ. ದನಿ ಬಂದಿಲ್ಲ ಎಂದೆ. "ಉಚಿತ ಆವೃತ್ತಿಯಲ್ಲಿ ಕೆಲವು ಸೌಲಭ್ಯಗಳು ಇರುವುದಿಲ್ಲ, ಪ್ರೊ ಆವೃತ್ತಿ ಕೊಂಡರೆ ಪೂರ್ತಿ ರೆಕಾರ್ಡಿಂಗ್ ನಿಮಗೆ ದೊರೆಯುತ್ತದೆ" ಎಂಬ ಉತ್ತರ ಬಂತು. ಈಗಾಗಲೇ ಮಾಡಿಟ್ಟಿರುವ ರೆಕಾರ್ಡಿಂಗ್‌ಗೂ ಇದು ಅನ್ವಯಿಸುತ್ತದೆಯೇ ಎಂದು ಬಿಡಿಸಿ ಕೇಳಿದೆ. "ಹೌದು, ಖಂಡಿತ." ಈ ಎರಡು ಪದವನ್ನು ನಂಬಿ ನಾನು ಹಣ ಕಟ್ಟಿದೆ.

ಬೆಲೆ ತಿಂಗಳಿಗೆ 333 ರೂಪಾಯಿ ಎಂದಿತ್ತು. ಒಂದು ತಿಂಗಳಿಗೆ ಕೊಟ್ಟು ಬಿಟ್ಟರಾಯಿತು ಎಂದುಕೊಂಡೆ. ಆದರೆ ವರ್ಷದ ಹಣವನ್ನು ಒಟ್ಟಿಗೇ ವಸೂಲು ಮಾಡುವುದಾಗಿ ಗುಂಡಿಯ ಕೆಳಗೆ ಬೂದುಬಣ್ಣದಲ್ಲಿ ಬರೆದಿದ್ದರಂತೆ. 3,996 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 4,715 ರೂಪಾಯಿ 28 ಪೈಸೆ. ಬ್ಯಾಂಕಿನ ಒಟಿಪಿ ಸಂದೇಶದಲ್ಲಿ ಮೊತ್ತ ಇದ್ದೇ ಇತ್ತು. ನಾನು ಓದಿದ್ದು ಆರು ಅಂಕಿ ಮಾತ್ರ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಹಣ ಹೋದ ಮರುಕ್ಷಣ ಮೇಷ್ಟ್ರ ಮುಖದ ಮೇಲಿನ ಹೆಸರು ಮಾಯವಾಯಿತು. ದನಿ ಬರಲಿಲ್ಲ. ಬರುವುದಾದರೂ ಹೇಗೆ, ದಾಖಲಾಗದೇ ಇದ್ದ ದನಿಯನ್ನು ಯಾವ ಆವೃತ್ತಿಯೂ ಹುಟ್ಟಿಸಲಾರದು. ಇದು ಅವರಿಗೆ ಗೊತ್ತಿರಲಿಲ್ಲವೇ? ಮತ್ತೆ ಕೇಳಿದರೆ, "ಪೂರ್ತಿ ರೆಕಾರ್ಡಿಂಗ್ ಎಂದರೆ ವಾಟರ್‌ಮಾರ್ಕ್ ಇಲ್ಲದ ರೆಕಾರ್ಡಿಂಗ್" ಎಂದರು. ನಾನು ಕೇಳಿದ್ದು ದನಿಯ ಬಗ್ಗೆ ಎಂದೆ. "ಮುಂದಿನ ಸಭೆಗಳಲ್ಲಿ ದನಿ ಖಂಡಿತ ದಾಖಲಾಗುತ್ತದೆ" ಎಂದರು. ಮುಂದಿನ ಸಭೆಯೇ ಇಲ್ಲ, ಹಣ ಹಿಂತಿರುಗಿಸಿ ಎಂದೆ. "ಲೈಸೆನ್ಸ್ ಚಾಲನೆಗೊಂಡ ಮೇಲೆ ಮರುಪಾವತಿ ಸಾಧ್ಯವಿಲ್ಲ, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ." ಆಮೇಲೆ ನಾನು ಕಳಿಸಿದ ನಾಲ್ಕು ಇಮೇಲ್‌ಗಳಿಗೂ ಇದೇ ವಾಕ್ಯ, ಅಕ್ಷರವೂ ಬದಲಾಗದೆ ಬಂತು. ಅರ್ಥವಾಗುತ್ತದಂತೆ!

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಬೆಲೆಯನ್ನು ತುಣುಕು ತುಣುಕಾಗಿ ತೋರಿಸಿ ಕೊನೆಗೆ ಏರಿಸುವುದು, ಚಂದಾದ ಬಲೆಯಲ್ಲಿ ಸಿಕ್ಕಿಸುವುದು ಮುಂತಾದ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿದೆ. ಅದನ್ನು ದೂರಿನಲ್ಲಿ ಉಲ್ಲೇಖಿಸಿದ್ದೇನೆ. ಆದರೆ ತಂತ್ರಾಂಶದವರ ರಸೀದಿಯಲ್ಲಿ ಭಾರತದ ವಿಳಾಸವೇ ಇಲ್ಲ. ಮುಂದಿನ ವರ್ಷದ ಹಣವನ್ನು ತಾನಾಗಿ ಕಡಿತ ಮಾಡುವ ಅನುಮತಿಯೂ ಆ ಒಂದೇ ಒಟಿಪಿಯಲ್ಲಿ ಹೋಗಿತ್ತು. 15,000 ರೂಪಾಯಿಯೊಳಗಿನ ಇಂಥ ಕಡಿತಕ್ಕೆ ಮತ್ತೆ ಒಟಿಪಿ ಕೇಳುವುದಿಲ್ಲ, 24 ಗಂಟೆ ಮೊದಲು ಒಂದು ಸಂದೇಶ ಬರುತ್ತದೆ ಅಷ್ಟೇ. ನೂರು ಜಾಹೀರಾತಿನ ನಡುವೆ ಅದನ್ನು ಯಾರು ನೋಡುತ್ತಾರೆ? ಬ್ಯಾಂಕಿನ ಆ್ಯಪ್‌ನಲ್ಲಿ ಆ ಅನುಮತಿಯನ್ನು ರದ್ದು ಮಾಡಿದ್ದೇನೆ. ಹೀಗೆ ಕಾರ್ಡು ಕೊಟ್ಟವರು ಇವತ್ತೇ ನೋಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಬಂದು, "ಆಂಟಿ, ಇದಕ್ಕೆ ದುಡ್ಡು ಯಾಕೆ ಕೊಟ್ಟಿರಿ?" ಎಂದ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲೇ ಗೇಮ್ ಬಾರ್ ಎಂಬುದಿತ್ತು. ಮೀಟ್ ಕಿಟಕಿ ತೆರೆದಿಟ್ಟು ವಿಂಡೋಸ್, ಆಲ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಕಿಟಕಿಯ ಚಿತ್ರವೂ ಎದುರಿನವರ ದನಿಯೂ ದಾಖಲಾಗಿ ವಿಡಿಯೊ ಫೋಲ್ಡರಿನಲ್ಲಿ ಕೂರುತ್ತವೆ, ಒಂದು ಪೈಸೆ ಖರ್ಚಿಲ್ಲ. ಒಬಿಎಸ್ ಸ್ಟುಡಿಯೊ ಎಂಬ ರೆಕಾರ್ಡಿಂಗ್ ತಂತ್ರಾಂಶವೂ ಪೂರ್ತಿ ಉಚಿತ. ಅದರಲ್ಲಿ ಮೈಕಿಗೊಂದು, ಕಂಪ್ಯೂಟರಿನ ಶಬ್ದಕ್ಕೊಂದು ಎಂದು ಎರಡು ಪಟ್ಟಿ ಬೇರೆ ಬೇರೆಯಾಗಿ ಕುಣಿಯುವುದು ಕಣ್ಣಿಗೆ ಕಾಣುತ್ತದೆ. ಜೂಮ್‌ನಲ್ಲಾದರೆ ಉಚಿತ ಖಾತೆಯವರೂ ಸಭೆ ಕರೆದವರಾಗಿದ್ದರೆ ತಮ್ಮ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿಕೊಳ್ಳಬಹುದು, ಆದರೆ 40 ನಿಮಿಷಕ್ಕೆ ಕರೆ ಮುಗಿಯುತ್ತದೆ. ಯಾವುದನ್ನೇ ಬಳಸಿ, ಹಿಂದಿನ ದಿನ ಇನ್ನೊಬ್ಬರನ್ನು ಕರೆಯಲ್ಲಿ ಕೂರಿಸಿ, ಇಯರ್‌ಫೋನ್ ಹಾಕಿಕೊಂಡೇ ಪರೀಕ್ಷಿಸಿ, ಅವರ ದನಿ ಬಂದಿದೆಯೇ ಎಂದು ಫೈಲ್ ತೆರೆದು ಕೇಳಿ. ಚಾಟ್‌ನಲ್ಲಿ ಕೂತು "ಖಂಡಿತ" ಎನ್ನುವವರನ್ನಂತೂ ನಂಬಬೇಡಿ.

ಮೇಷ್ಟ್ರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಕ್ಕರ್ ಮೂರೇ ಕೂಗಿತೇನಮ್ಮ? ಬೇಳೆ ಬೆಂದಿತ್ತೋ ಇಲ್ಲವೋ" ಎಂದು ನಕ್ಕರು. ಶಿವಮೊಗ್ಗದ ಗೆಳತಿಯೊಬ್ಬಳು ತನ್ನ ತಾಯಿಗೆ ಕೇಳಿಸಲೆಂದು ಫೋನನ್ನು ಸ್ಪೀಕರಿನ ಮುಂದೆ ಹಿಡಿದು ನಾಲ್ಕು ನಿಮಿಷ ದಾಖಲಿಸಿಕೊಂಡಿದ್ದಳಂತೆ, ನಿನ್ನೆ ಕಳಿಸಿದ್ದಾಳೆ. ಆ ಎರಡು ಗಂಟೆಯಲ್ಲಿ ದನಿಯಾಗಿ ನಮ್ಮ ಬಳಿ ಉಳಿದಿರುವುದು ಅಷ್ಟೇ.