ಅಮೆರಿಕದ ಕಾನೂನನ್ನು ಮೂಲದಲ್ಲೇ ಓದಲು: ಕಾರ್ನೆಲ್‌ನ ಲೀಗಲ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್

ಎಚ್-1ಬಿ ವೀಸಾದಲ್ಲಿ ದುಡಿಯುವವರ ಕೆಲಸ ಹೋದಾಗ ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, ‘ಹೆದರಬೇಡಿ, 60 ದಿನ ಇದೆ’ ಎಂಬುದು; ಅಂದರೆ ಬೇರೆ ದಾರಿ ಹುಡುಕಿಕೊಳ್ಳಲು ಅಷ್ಟು ದಿನ ಅಮೆರಿಕದಲ್ಲಿ ಇರಬಹುದು ಎಂದು. ಆ 60 ದಿನಗಳನ್ನು ಕೊಟ್ಟವರು ಯಾರು, ಅದು ಕಾಯ್ದೆಯೋ ನಿಯಮವೋ ಅಥವಾ ಇಲಾಖೆಯ ರೂಢಿಯೋ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಧಾರವಾಡದ ನ್ಯಾಯಾಲಯಗಳಲ್ಲಿ ಕೆಲವು ವರ್ಷ ವಕೀಲಿಕೆ ಮಾಡಿ ಇಲ್ಲಿಗೆ ಬಂದ ನನಗೆ ಬಂಧುಗಳ ಹುಡುಗನೊಬ್ಬ ಇದೇ ಪ್ರಶ್ನೆಯನ್ನು ಕೇಳಿದ್ದ. ಅಮೆರಿಕದಲ್ಲಿ ವಕೀಲಿಕೆಯ ಪರವಾನಗಿ ಇಲ್ಲದ ನಾನು ಅವನಿಗೆ ಸಲಹೆ ಕೊಡುವಂತಿರಲಿಲ್ಲ. ಆದರೆ ಕಾನೂನಿನ ಮೂಲಪಾಠವನ್ನು ಹುಡುಕಿ ಮುಂದಿಡಬಹುದಿತ್ತು. ಆ ಹುಡುಕಾಟಕ್ಕೆ ನೆರವಾದದ್ದು ಕಾರ್ನೆಲ್ ಲಾ ಸ್ಕೂಲಿನ ಲೀಗಲ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್ ಎಂಬ ಉಚಿತ ಜಾಲತಾಣ. ಅಂದಿನಿಂದ ಅದನ್ನು ನಿಯಮಿತವಾಗಿ ಬಳಸುತ್ತಿರುವುದರಿಂದ ಅದರ ಗುಣವನ್ನೂ ಮಿತಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪೀಟರ್ ಮಾರ್ಟಿನ್ ಮತ್ತು ಥಾಮಸ್ ಬ್ರೂಸ್ ಎಂಬಿಬ್ಬರು 1992ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿದರು. ಜಾಲತಾಣ ಎಂಬ ಪದವೇ ಹೆಚ್ಚಿನವರಿಗೆ ಗೊತ್ತಿರದ ಆ ಕಾಲದಲ್ಲಿ, ಕಾನೂನನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದುವಂತಿರಬೇಕು ಎಂಬ ನಂಬಿಕೆಯಿಂದ ಅವರು ಹೊರಟಿದ್ದರು. ಆ ನಂಬಿಕೆಗೆ ಅಮೆರಿಕದಲ್ಲಿ ಹಳೆಯ ಬೇರುಗಳಿವೆ. ಸುಪ್ರೀಂ ಕೋರ್ಟಿನ ತೀರ್ಪುಗಳ ಮೇಲೆ ಯಾರಿಗೂ ಕೃತಿಸ್ವಾಮ್ಯ ಇರಲಾರದು ಎಂದು ಆ ನ್ಯಾಯಾಲಯವೇ 1834ರಲ್ಲಿ ವೀಟನ್ ವಿರುದ್ಧ ಪೀಟರ್ಸ್ ಪ್ರಕರಣದಲ್ಲಿ ಹೇಳಿತ್ತು. ಅದೇ ತತ್ವವನ್ನು ವಿಸ್ತರಿಸಿ, ಜಾರ್ಜಿಯಾ ರಾಜ್ಯದ ಅಧಿಕೃತ ಕಾಯ್ದೆಸಂಹಿತೆಯ ಟಿಪ್ಪಣಿಗಳಿಗೂ ಕೃತಿಸ್ವಾಮ್ಯವಿಲ್ಲ ಎಂದು 2020ರಲ್ಲಿ ತೀರ್ಮಾನಿಸಿತು.

ಹುಡುಗನ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಕಾಯ್ದೆ ಮತ್ತು ಅದರಡಿಯ ನಿಯಮಾವಳಿ ಎರಡು ಬೇರೆ ಪುಸ್ತಕಗಳಲ್ಲಿರುವಂತೆ, ಅಮೆರಿಕದಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಿದ ಸಾರ್ವತ್ರಿಕ ಹಾಗೂ ಶಾಶ್ವತ ಸ್ವರೂಪದ ಕಾಯ್ದೆಗಳು ವಿಷಯವಾರು ಯು.ಎಸ್. ಕೋಡ್‌ನಲ್ಲಿಯೂ, ಇಲಾಖೆಗಳು ಮಾಡಿದ ನಿಯಮಗಳು ಕೋಡ್ ಆಫ್ ಫೆಡರಲ್ ರೆಗ್ಯುಲೇಷನ್ಸ್‌ನಲ್ಲಿಯೂ ಇರುತ್ತವೆ. ವಲಸೆಯ ವಿಷಯಕ್ಕೆ ಎರಡರಲ್ಲೂ 8ನೇ ಟೈಟಲ್, ಅಂದರೆ 8ನೇ ವಿಭಾಗ, ಮೀಸಲಾಗಿದೆ. ಯು.ಎಸ್. ಕೋಡ್‌ನ 8ನೇ ಟೈಟಲ್‌ನ 1184ನೇ ಕಲಮನ್ನು ತೆರೆದರೆ ಎಚ್-1ಬಿಯ ವಾರ್ಷಿಕ ಮಿತಿ 65,000 ಎಂಬುದೂ, ಆ ವೀಸಾದಲ್ಲಿ ಸಾಮಾನ್ಯವಾಗಿ 6 ವರ್ಷ ಇರಬಹುದೆಂಬುದೂ ಸಿಗುತ್ತದೆ. 60 ದಿನಗಳ ಮಾತು ಮಾತ್ರ ಅಲ್ಲಿಲ್ಲ. ಈ ಜಾಲತಾಣದ ದೊಡ್ಡ ಉಪಕಾರ ತಿಳಿಯುವುದು ಇಂಥ ಹೊತ್ತಿನಲ್ಲಿ. ಕಾಯ್ದೆಯ ಪುಟದ ಮೇಲ್ಭಾಗದಲ್ಲಿರುವ ಒಂದು ಗುಂಡಿಯನ್ನು ಒತ್ತಿದರೆ, ಆ ಕಲಮಿನ ಅಧಿಕಾರದಿಂದ ಹುಟ್ಟಿದ ನಿಯಮಗಳು ಯಾವ ಭಾಗದಲ್ಲಿವೆ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಅದರ ಜಾಡು ಹಿಡಿದು ಹೋದರೆ ನಿಯಮಸಂಹಿತೆಯ 214.1ನೇ ಕಲಮಿನಲ್ಲಿ 60 ದಿನಗಳು ಸಿಗುತ್ತವೆ.

ಆದರೆ ಅಲ್ಲಿ ಬರೆದಿರುವುದು ನಾವು ಮನೆಮನೆಯಲ್ಲಿ ಕೇಳುವ ಮಾತಿನಷ್ಟು ಸರಳವಾಗಿಲ್ಲ. ಕೆಲಸ ನಿಂತಿತೆಂಬ ಒಂದೇ ಕಾರಣಕ್ಕೆ ಸ್ಥಾನಮಾನ ಹೋಯಿತೆಂದು ಎಣಿಸಲಾಗದು, ಆದರೆ ಗರಿಷ್ಠ 60 ದಿನ ಅಥವಾ ಅಧಿಕೃತ ಅವಧಿ ಮುಗಿಯುವವರೆಗೆ, ಈ ಎರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಎಂದಿದೆ. ಪ್ರತಿ ಅಧಿಕೃತ ಅವಧಿಗೆ ಒಂದೇ ಸಲ ಎಂದಿದೆ. ಇಲಾಖೆ ತನ್ನ ವಿವೇಚನೆಯಿಂದ ಈ ಅವಧಿಯನ್ನು ಕಡಿತಗೊಳಿಸಬಹುದು, ಇಲ್ಲವಾಗಿಸಲೂಬಹುದು ಎಂದಿದೆ. ಬೇರೆ ಅನುಮತಿ ಇಲ್ಲದಿದ್ದರೆ ಆ ದಿನಗಳಲ್ಲಿ ಕೆಲಸ ಮಾಡುವಂತಿಲ್ಲ ಎಂದೂ ಇದೆ. ಅಧಿಕೃತ ಅವಧಿಯಲ್ಲಿ 25 ದಿನಗಳಷ್ಟೇ ಉಳಿದವನಿಗೆ ಸಿಗುವುದು 25 ದಿನ, 60 ಅಲ್ಲ. ಕಿವಿಯಿಂದ ಕಿವಿಗೆ ಸಾಗುವಾಗ ಕಳಚಿಬಿದ್ದ ಈ ಷರತ್ತುಗಳನ್ನು ಹುಡುಗ ಓದಿದಾಗ ಅವನ ಮುಖ ಗಂಭೀರವಾಯಿತು. ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ಅವನ ಪ್ರವೇಶ ದಾಖಲೆಯಾದ ಐ-94ರ ದಿನಾಂಕವನ್ನು ಆಗಲೇ ತೆಗೆದು ನೋಡಿದೆವು.

ಈ ರಕ್ಷಣೆ 2017ರ ಜನವರಿಯಲ್ಲಿ ಜಾರಿಗೆ ಬಂದ ಇಲಾಖಾ ನಿಯಮ, ಕಾಂಗ್ರೆಸ್ಸಿನ ಕಾಯ್ದೆಯಲ್ಲ. ಈ ವ್ಯತ್ಯಾಸ ಬರೀ ಪಾಂಡಿತ್ಯದ್ದಲ್ಲ. ಕಾಯ್ದೆಯನ್ನು ಬದಲಿಸಲು ಕಾಂಗ್ರೆಸ್ಸೇ ಬೇಕು. ನಿಯಮವನ್ನು ಇಲಾಖೆಯೇ ಸೂಕ್ತ ಕ್ರಮ ಅನುಸರಿಸಿ ಬದಲಿಸಬಹುದು. ಅದಲ್ಲದೆ, ಕಾಯ್ದೆಯ ಮಾತು ಅಸ್ಪಷ್ಟವಾಗಿದ್ದಲ್ಲಿ ಇಲಾಖೆಯ ಸಮಂಜಸ ಅರ್ಥವನ್ನು ನ್ಯಾಯಾಲಯಗಳು ಒಪ್ಪಬೇಕು ಎಂಬ, 1984ರ ಶೆವ್ರಾನ್ ತೀರ್ಪಿನಿಂದ ನಿಂತಿದ್ದ ತತ್ವವನ್ನು ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಲೋಪರ್ ಬ್ರೈಟ್ ಪ್ರಕರಣದಲ್ಲಿ ತಳ್ಳಿಹಾಕಿದೆ. ಹೀಗಾಗಿ ಒಂದು ನಿಯಮದ ಹಿಂದೆ ಯಾವ ಕಲಮಿನ ಬಲವಿದೆ ಎಂಬುದು ಈಗ ಮೊದಲಿಗಿಂತ ಮಹತ್ವದ ಪ್ರಶ್ನೆಯಾಗಿದೆ. ಕಾಯ್ದೆಯನ್ನೂ ನಿಯಮವನ್ನೂ ಹೀಗೆ ಕೊಂಡಿ ಹಾಕಿ ತೋರಿಸುವುದೇ ಈ ತಾಣದ ಅತ್ಯುತ್ತಮ ಗುಣ ಎಂಬುದು ನನ್ನ ಅಭಿಪ್ರಾಯ.

ಹೊಸಬರು ಎಡವುವ ಒಂದು ಜಾಗವನ್ನು ಹೇಳಿಬಿಡಬೇಕು. ಇಲ್ಲಿನ ವಲಸೆ ವಕೀಲರು ‘ಐ.ಎನ್.ಎ. 214’ ಎನ್ನುತ್ತಾರೆ, ಯು.ಎಸ್. ಕೋಡ್‌ನಲ್ಲಿ ಅದೇ ಕಲಮಿನ ಸಂಖ್ಯೆ 1184. ಮೊದಲನೆಯದು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ ಸ್ವಂತ ಸಂಖ್ಯೆ, ಎರಡನೆಯದು ಸಂಹಿತೆಯೊಳಗೆ ಅದಕ್ಕೆ ಸಿಕ್ಕ ಸ್ಥಾನ. ಎರಡೂ ಬೇರೆ ಕಾನೂನುಗಳೆಂದು ಭಾವಿಸಿ ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ.

ತೀರ್ಪುಗಳ ವಿಷಯಕ್ಕೆ ಬಂದಾಗ, ಭಾರತದ ವಕೀಲರಿಗೆ ಮೊದಲು ಬೇಕಾಗುವುದು ನ್ಯಾಯಾಲಯಗಳ ನಕ್ಷೆ. ನಮ್ಮದು ಒಂದೇ ಏಣಿ: ಕರ್ನಾಟಕ ಹೈಕೋರ್ಟ್ ಕೇಂದ್ರದ ಕಾಯ್ದೆಯನ್ನೂ ರಾಜ್ಯದ ಕಾಯ್ದೆಯನ್ನೂ ವ್ಯಾಖ್ಯಾನಿಸುತ್ತದೆ, ಮೇಲೆ ಸುಪ್ರೀಂ ಕೋರ್ಟ್ ಇರುತ್ತದೆ. ಅಮೆರಿಕದಲ್ಲಿ ಎರಡು ಏಣಿಗಳಿವೆ. ಪ್ರತಿ ರಾಜ್ಯಕ್ಕೂ ತನ್ನದೇ ವಿಚಾರಣಾ ನ್ಯಾಯಾಲಯದಿಂದ ಅತ್ಯುನ್ನತ ನ್ಯಾಯಾಲಯದವರೆಗೆ ಒಂದು ಏಣಿ; ಅದರ ಪಕ್ಕದಲ್ಲಿ 94 ಜಿಲ್ಲಾ ನ್ಯಾಯಾಲಯಗಳು, 13 ಮೇಲ್ಮನವಿ ನ್ಯಾಯಾಲಯಗಳು (ಇವುಗಳ ವ್ಯಾಪ್ತಿಗೆ ಸರ್ಕ್ಯೂಟ್ ಎನ್ನುತ್ತಾರೆ) ಮತ್ತು ಸುಪ್ರೀಂ ಕೋರ್ಟ್ ಸೇರಿದ ಒಕ್ಕೂಟದ ಏಣಿ. ರಾಜ್ಯದ ಕಾಯ್ದೆಗೆ ಏನರ್ಥ ಎಂಬ ಪ್ರಶ್ನೆಗೆ ಕೊನೆಯ ಮಾತು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯದ್ದು. ಕ್ಯಾಲಿಫೋರ್ನಿಯಾವನ್ನು ಒಳಗೊಂಡ ಒಂಬತ್ತನೇ ಸರ್ಕ್ಯೂಟಿನ ತೀರ್ಪು, ಮೂರನೇ ಸರ್ಕ್ಯೂಟಿಗೆ ಸೇರಿದ ನ್ಯೂಜೆರ್ಸಿಯನ್ನು ಕಟ್ಟಿಹಾಕುವುದಿಲ್ಲ. ಸ್ಯಾನ್ ಹೋಸೆಯಲ್ಲಿರುವ ಬಂಧುವಿನ ಪ್ರಕರಣದಲ್ಲಿ ಆದದ್ದು ಇಲ್ಲಿಯೂ ಆಗಬೇಕೆಂದೇನೂ ಇಲ್ಲ ಎಂಬುದಕ್ಕೆ ಇದೂ ಒಂದು ಕಾರಣ. ಹೆಸರುಗಳೂ ದಾರಿ ತಪ್ಪಿಸುತ್ತವೆ: ನ್ಯೂಯಾರ್ಕ್ ರಾಜ್ಯದಲ್ಲಿ ‘ಸುಪ್ರೀಂ ಕೋರ್ಟ್’ ಎಂದರೆ ಮುಖ್ಯವಾಗಿ ವಿಚಾರಣಾ ನ್ಯಾಯಾಲಯ, ಅಲ್ಲಿ ಅತ್ಯುನ್ನತವಾದುದಕ್ಕೆ ‘ಕೋರ್ಟ್ ಆಫ್ ಅಪೀಲ್ಸ್’ ಎಂದು ಹೆಸರು. ಇಂಥ ಪದಗಳನ್ನು ಬಿಡಿಸಿ ಹೇಳುವ ವೆಕ್ಸ್ ಎಂಬ ಕಾನೂನು ನಿಘಂಟು ಈ ತಾಣದಲ್ಲೇ ಇದೆ. ಅದರ ಬರಹಗಳು ಚಿಕ್ಕವು, ಭಾಷೆ ತಿಳಿಯಾದದ್ದು. ಮೊದಲ ಓದಿಗೆ ಅಷ್ಟು ಸಾಕು.

ಆದರೆ ತೀರ್ಪುಗಳ ಮಟ್ಟಿಗೆ ಈ ತಾಣವೊಂದನ್ನೇ ನೆಚ್ಚಿಕೊಳ್ಳಬಾರದು. ಇದರ ಬಲವಿರುವುದು ಸಂವಿಧಾನ, ಕಾಯ್ದೆ, ನಿಯಮ, ನ್ಯಾಯಾಲಯದ ಕಾರ್ಯವಿಧಾನ ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ. ಕೆಳಗಿನ ನ್ಯಾಯಾಲಯಗಳ ತೀರ್ಪುಗಳಿಗೆ ಗೂಗಲ್ ಸ್ಕಾಲರ್ ಅಥವಾ ಕೋರ್ಟ್‌ಲಿಸನರ್‌ಗೆ ಹೋಗಬೇಕು. ಕೋರ್ಟ್‌ಲಿಸನರನ್ನು ಫ್ರೀ ಲಾ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆ ನಡೆಸುತ್ತದೆ. ಭಾರತದ ತೀರ್ಪುಗಳನ್ನು ಹುಡುಕುವ ಇಂಡಿಯನ್ ಕಾನೂನ್ ತಾಣವನ್ನು ಬಳಸಿ ರೂಢಿಯಿದ್ದವರಿಗೆ ಅದು ಬೇಗ ಕೈಹತ್ತುತ್ತದೆ. ಒಕ್ಕೂಟದ ನ್ಯಾಯಾಲಯಗಳ ದಾಖಲೆಗಳನ್ನು ಸರ್ಕಾರದ ಪೇಸರ್ ವ್ಯವಸ್ಥೆಯಲ್ಲಿ ನೋಡಲು ಪುಟಕ್ಕೆ 10 ಸೆಂಟ್ ಶುಲ್ಕವಿದೆ. ಒಬ್ಬರು ಹೀಗೆ ಕೊಂಡ ದಾಖಲೆ ಮುಂದಿನವರಿಗೆ ಉಚಿತವಾಗಿ ಸಿಗುವಂತೆ ಕೋರ್ಟ್‌ಲಿಸನರ್‌ನ ಭಂಡಾರಕ್ಕೆ ಸೇರಿಸುವ ರೀಕ್ಯಾಪ್ ಎಂಬ ಸಾಧನವೂ ಇದೆ. ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಗಿದೆ.

ತೀರ್ಪಿನ ಉಲ್ಲೇಖವನ್ನು ಓದುವ ಕ್ರಮ ಸುಲಭ. ನಮ್ಮ ‘ಎ.ಐ.ಆರ್. 1973 ಎಸ್.ಸಿ. 1461’ರಲ್ಲಿ ವರ್ಷ ಮೊದಲು ಬರುತ್ತದೆ. ಅಮೆರಿಕದಲ್ಲಿ ಸಂಪುಟ ಮೊದಲು, ವರದಿಯ ಹೆಸರು ನಡುವೆ, ಪುಟ ಆಮೇಲೆ, ವರ್ಷ ಕೊನೆಗೆ. ‘261 ಯು.ಎಸ್. 204, 1923’ ಎಂದರೆ ಯುನೈಟೆಡ್ ಸ್ಟೇಟ್ಸ್ ರಿಪೋರ್ಟ್ಸ್‌ನ 261ನೇ ಸಂಪುಟದ 204ನೇ ಪುಟ. ಈ ಉದಾಹರಣೆಯನ್ನು ಬೇಕೆಂದೇ ಆರಿಸಿದ್ದೇನೆ. ಅದು ಪಂಜಾಬಿನಲ್ಲಿ ಹುಟ್ಟಿ, ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣ. ಅಂದಿನ ಕಾಯ್ದೆ ಹೇಳುತ್ತಿದ್ದ ‘ಬಿಳಿಯ ವ್ಯಕ್ತಿ’ಗಳ ಸಾಲಿಗೆ ಅವರು ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟ್ ಅವರಿಗೆ ಪೌರತ್ವವನ್ನು ನಿರಾಕರಿಸಿತು. ಆ ತೀರ್ಪಿನ ಪಾಠವನ್ನಷ್ಟೇ ಓದಿದರೆ ಅದರ ಬಾಳು ಮುಗಿದಿದೆ ಎಂಬುದು ಗೊತ್ತಾಗುವುದಿಲ್ಲ. ಅದರ ತಳಹದಿಯನ್ನು ತೆಗೆದದ್ದು ಕಾಂಗ್ರೆಸ್: 1946ರ ಲೂಸ್-ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು, 1952ರ ಕಾಯ್ದೆ ಪೌರತ್ವಕ್ಕಿದ್ದ ಜನಾಂಗದ ಅಡ್ಡಿಯನ್ನೇ ಕಿತ್ತುಹಾಕಿತು. ಇಂದು 8ನೇ ಟೈಟಲ್‌ನ 1422ನೇ ಕಲಮಿನಲ್ಲಿ ಅದು ಸ್ಪಷ್ಟ ಮಾತಿನಲ್ಲಿದೆ.

ಸಿಕ್ಕ ತೀರ್ಪು ಇನ್ನೂ ನಿಂತಿದೆಯೇ ಎಂದು ಹೇಳುವ ವ್ಯವಸ್ಥೆ ಕಾರ್ನೆಲ್‌ನ ತಾಣದಲ್ಲಿಲ್ಲ. ನನ್ನ ದೃಷ್ಟಿಯಲ್ಲಿ ಅದರ ಎಲ್ಲಕ್ಕಿಂತ ದೊಡ್ಡ ಮಿತಿ ಇದೇ. ಗೂಗಲ್ ಸ್ಕಾಲರ್ ಮತ್ತು ಕೋರ್ಟ್‌ಲಿಸನರ್ ಎರಡೂ ಒಂದು ತೀರ್ಪನ್ನು ಮುಂದೆ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂದು ತೋರಿಸುತ್ತವೆ, ಆದರೆ ಅವುಗಳನ್ನು ಓದಿ ತೀರ್ಮಾನಿಸುವ ಕೆಲಸ ನಮ್ಮದೇ. ಫ್ರಾಂಕ್ ಶೆಪರ್ಡ್ ಎಂಬವರು 1873ರಲ್ಲಿ ಇದಕ್ಕಾಗಿಯೇ ಉಲ್ಲೇಖ ಸೂಚಿಗಳನ್ನು ಮಾರತೊಡಗಿದರು. ಅದರ ಇಂದಿನ ರೂಪ ಲೆಕ್ಸಿಸ್ ಎಂಬ ಕಾನೂನು ದತ್ತಸಂಚಯದಲ್ಲಿದೆ, ಅಂಥದೇ ಸೌಲಭ್ಯ ವೆಸ್ಟ್‌ಲಾ ಎಂಬ ಇನ್ನೊಂದರಲ್ಲಿದೆ. ಎರಡೂ ದುಬಾರಿ. ಆದರೂ ಅನೇಕ ಕೌಂಟಿಗಳ ಸಾರ್ವಜನಿಕ ಕಾನೂನು ಗ್ರಂಥಾಲಯಗಳಲ್ಲಿ ಇವುಗಳಲ್ಲೊಂದನ್ನು ಕುಳಿತು ಉಚಿತವಾಗಿ ಬಳಸಬಹುದು. ಈ ಹಂತವನ್ನು ಬಿಡಬೇಡಿರೆಂದು ಕೇಳಿಕೊಳ್ಳುತ್ತೇನೆ. 2023ರಲ್ಲಿ ನ್ಯೂಯಾರ್ಕಿನ ಮಾಟಾ ವಿರುದ್ಧ ಆವಿಯಾಂಕಾ ಪ್ರಕರಣದಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ್ದಕ್ಕಾಗಿ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು; ಅಲ್ಲಿ ಸಿಕ್ಕಿಬಿದ್ದವರು ಅನುಭವಿ ವಕೀಲರು. ಕೈಗೆ ಬಂದ ಉಲ್ಲೇಖವೊಂದು ನಿಜವೇ ಎಂದು ಕೋರ್ಟ್‌ಲಿಸನರ್‌ನಲ್ಲಿ ನೋಡಲು ಒಂದು ನಿಮಿಷ ಸಾಕು.

ಇನ್ನೊಂದು ಕೊರತೆಯೆಂದರೆ ರಾಜ್ಯಗಳ ಕಾಯ್ದೆಗಳು. ಬಾಡಿಗೆ, ವಿವಾಹ ವಿಚ್ಛೇದನ, ಉಯಿಲು ಮುಂತಾದ ದಿನನಿತ್ಯದ ವಿಷಯಗಳೆಲ್ಲ ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲಿವೆ. ಅವಕ್ಕೆ ಈ ತಾಣ ಮುಖ್ಯವಾಗಿ ಆಯಾ ರಾಜ್ಯದ ಶಾಸಕಾಂಗದ ತಾಣಗಳಿಗೆ ದಾರಿ ತೋರಿಸುತ್ತದೆ. ಅಲ್ಲಿಂದಾಚೆಯ ಅನುಭವ ಆ ರಾಜ್ಯದ ತಾಣ ಹೇಗಿದೆಯೋ ಹಾಗೆ.

ಹುಡುಗ 214.1ನೇ ಕಲಮಿನ ಆ ಪ್ಯಾರಾವನ್ನು ಮುದ್ರಿಸಿ, ‘ಯಾವುದು ಮೊದಲೋ ಅಲ್ಲಿಯವರೆಗೆ’ ಎಂಬರ್ಥದ ಮಾತಿಗೆ ಅಡಿಗೆರೆ ಎಳೆದು, ಐ-94ರ ಪ್ರತಿಯ ಜೊತೆಗೆ ವಲಸೆ ವಕೀಲರೊಬ್ಬರ ಬಳಿ ಒಯ್ದ. ಅರ್ಧ ಗಂಟೆಯ ಭೇಟಿಗೆ ಶುಲ್ಕ ಕಟ್ಟಿದ್ದ ಅವನಿಗೆ 60 ದಿನ ಎಂದರೇನು ಎಂದು ಕೇಳುವುದರಲ್ಲಿ ಆ ಹೊತ್ತು ಕಳೆಯಲಿಲ್ಲ. ಉಳಿದಿರುವ ದಿನಗಳಲ್ಲಿ ಯಾವ ಅರ್ಜಿಯನ್ನು ಯಾವ ದಿನದೊಳಗೆ ಹಾಕಬೇಕು ಎಂಬಲ್ಲಿಂದಲೇ ಮಾತು ಶುರುವಾಯಿತು.