ಹೊಸ ಟೀಮ್ ಲೀಡ್‌ಗೆ ಯಾವುದು: ಪೊಮೊಡೊರೊನಾ, ಬೆಳಗ್ಗೆ ಎರಡು ತಾಸು ಒಂದೇ ಸಮ ಕೂರೋದಾ?

ಈಗಷ್ಟೇ ಲೀಡ್ ಆಗಿದ್ದೀರಿ, ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ, ಟೈಮರ್ ಇಟ್ಟು ಸುತ್ತು ಸುತ್ತಾಗಿ ಕೆಲಸ ಮಾಡುವ ಪೊಮೊಡೊರೊ, ಬೆಳಗ್ಗೆ ಬೇಗ ಬಂದು ಎರಡು ಗಂಟೆ ಒಂದೇ ಸಮ ಕೂರುವುದು, ಈ ಎರಡರಲ್ಲಿ ಯಾವುದನ್ನು ರೂಢಿ ಮಾಡಿಕೊಳ್ಳಲಿ ಎಂದು ಕೇಳಿದ್ದೀರಿ. ಖರ್ಚು ಎರಡಕ್ಕೂ ಇಲ್ಲ. ಫೋನಿನ ಟೈಮರ್, ಆಫೀಸ್ ಕ್ಯಾಲೆಂಡರ್ ಸಾಕು.

ವ್ಯತ್ಯಾಸ ಇರುವುದು ಅಡಚಣೆಯಲ್ಲಿ. ಪೊಮೊಡೊರೊ ಅಂದರೆ 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಾಲ್ಕು ಸುತ್ತು ಆದ ಮೇಲೆ ದೊಡ್ಡ ಬಿಡುವು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ಓದುವ ದಿನಗಳಲ್ಲಿ ಕಂಡುಕೊಂಡದ್ದು. ಟೀಮಿನವರು "ಒಂದ್ನಿಮಿಷ ಸಿಗ್ತೀರಾ?" ಎಂದರೆ "ಹತ್ತು ನಿಮಿಷ ಬಿಟ್ಟು ನಾನೇ ಬರ್ತೀನಿ" ಅನ್ನಬಹುದು. ಯಾರಿಗೂ ಬೇಜಾರಾಗುವುದಿಲ್ಲ. ಮೇಲ್, ಕೋಡ್ ರಿವ್ಯೂ, ಅಪ್ರೈಸಲ್ ಫಾರ್ಮ್ ಇದ್ದಾಗ ಇದೇ ಸರಿ. ಆದರೆ ಡಿಸೈನ್ ಡಾಕ್ಯುಮೆಂಟ್ ಬರೆಯುವಾಗ ತಲೆ ಓಡಲು ಶುರುವಾಗುವಷ್ಟರಲ್ಲೇ ಟೈಮರ್ ಬಡಿದುಕೊಳ್ಳುತ್ತದೆ. ಅಲ್ಲಿ ಎರಡು ಗಂಟೆ ಒಟ್ಟಿಗೇ ಬೇಕು.

ಇನ್ನು ರೂಢಿಯನ್ನು ಉಳಿಸಿಕೊಳ್ಳುವ ಮಾತು. ರಾತ್ರಿ ಅಮೆರಿಕದವರ ಜೊತೆ ಕಾಲ್ ಇರುತ್ತದೆ ಅಂದರೆ ಬೆಳಗಿನ ಆಸೆ ಬಿಡಿ. ಸುಮ್ನೆ ನಿದ್ದೆ ಕೆಡುತ್ತದೆ ಅಷ್ಟೆ. ಕಾಲ್ ಇಲ್ಲದವರು, ಅದರಲ್ಲೂ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೋಗುವವರು, ಬೇಗ ಹೊರಟರೆ ಟ್ರಾಫಿಕ್ಕೂ ಕಡಿಮೆ, ಸ್ಟ್ಯಾಂಡಪ್, ಅಂದರೆ ಟೀಮಿನ ದಿನದ ಚಿಕ್ಕ ಮೀಟಿಂಗ್, ಶುರುವಾಗುವವರೆಗೆ ಆಫೀಸೂ ಖಾಲಿ. ಆ ಹೊತ್ತನ್ನು ಟೀಮಿಗೆ ಮೊದಲೇ ಹೇಳಿಡಿ, ತುರ್ತಿದ್ದರೆ ಮೆಸೇಜ್ ಬೇಡ, ಫೋನೇ ಮಾಡಿ ಅಂತ.